ಕೈಗುಣ

ಕಂಪ್ಯೂಟರ್ ಪರದೆಯನ್ನು ನಂಬುವುದರಲ್ಲಿ ನಮ್ಮ ಬೆಳಗಾವಿ ಉದ್ಯಮಬಾಗದ ಸಾವ್ಕಾರರನ್ನು ಮೀರಿಸುವವರಿಲ್ಲ. ಭಟ್ಟಿ ಮುಂದೆ ನಿಂತೇ ತಲೆ ಹಣ್ಣಾದ ಕಾಕಾ "ಕಾವು ಬರೋಬ್ಬರಿ ಐತ್ರಿ" ಅಂದರೆ ಅನುಮಾನ. ಮೊನ್ನೆ ಬಂದ ಪರದೆ 1300 ಡಿಗ್ರಿ ಅಂದರೆ ಅದೇ ವೇದವಾಕ್ಯ. ಅವತ್ತು ಭಟ್ಟಿಗೆ ರಜೆ. ಒಳಗೆ ಬೆಕ್ಕು ಮಲಗಿದೆ ಎಂದು ಕಾಕಾ ತೋರಿಸಿದರೂ ಸಾವ್ಕಾರರು ಪರದೆಯನ್ನು ಸಂಶಯಿಸಲಿಲ್ಲ, ಬೆಕ್ಕನ್ನು ಎಬ್ಬಿಸಿ ಓಡಿಸಿದರು.

ರಿಪೇರಿಗೆಂದು ನಾನು ಹೋಗುವಷ್ಟರಲ್ಲಿ ಚಿಕಿತ್ಸೆ ಸಾಕಷ್ಟು ನಡೆದಿತ್ತು. ಆಂಟಿವೈರಸ್ ಹಾಕಿದ್ದರು. ಮಾನಿಟರ್ ಪೂರ್ವಕ್ಕೆ ಮುಖ ಮಾಡಿತ್ತು. ಬಾಗಿಲಿಗೆ ಎರಡನೇ ನಿಂಬೆಹಣ್ಣು ಬಂದಿತ್ತು. ಇಲೆಕ್ಟ್ರಿಷಿಯನ್ ಅರ್ಥಿಂಗ್ ಗುಂಡಿಗೆ ಉಪ್ಪು, ಇದ್ದಿಲು ಸುರಿದು, ಆಷಾಢದ ಮಳೆಯಲ್ಲಿ ಛತ್ರಿ ಹಿಡಿದು ನಿಂತು ಕೊಡದಿಂದ ನೀರು ಹೊಯ್ಯುತ್ತಿದ್ದ. ಸಾವ್ಕಾರರ ಮಗ, ಭಟ್ಟಿಯ ಕಾವನ್ನು ಕಂಪ್ಯೂಟರಿಗೆ ಓದಿ ಹೇಳುವ ಕಾರ್ಡೇ ಕೆಟ್ಟಿದೆ ಎಂದು ಹೊಸ ಕಾರ್ಡಿಗೆ ಕೊಟೇಶನ್ ತರಿಸಿಟ್ಟಿದ್ದ. ಇಷ್ಟರಲ್ಲಿ ಯಾರೂ ಮುಟ್ಟದೆ ಉಳಿದದ್ದು ಭಟ್ಟಿಯಿಂದ ಬರುವ ಎರಡು ತಂತಿ ಮಾತ್ರ.

ಆ ತಂತಿಗಳು ಕಾವನ್ನು ವೋಲ್ಟೇಜಾಗಿ ಬದಲಿಸುವ ಕೆ ಟೈಪ್ ಥರ್ಮೊಕಪಲ್‌ನವು. ಡಿಗ್ರಿಗೆ ಸುಮಾರು 41 ಮೈಕ್ರೊವೋಲ್ಟ್ ಕೊಡುವ ಬಡಪಾಯಿ. 550 ಡಿಗ್ರಿ ಕಾವಿಗೂ ಅದರಿಂದ ಬರುವುದು 23 ಮಿಲಿವೋಲ್ಟಿನ ಒಳಗೇ. ಪಕ್ಕದ ಶೆಡ್ಡಿನ ವೆಲ್ಡಿಂಗ್ ಮಶಿನ್, ಮೋಟರು, ಡ್ರೈವು ಎಲ್ಲದರ ಗದ್ದಲದಲ್ಲಿ ಇದರ ಮಾತು ಕೇಳಿಸಬೇಕು.

ಮೊದಲು ಕಾರ್ಡಿನ ಎರಡೂ ಟರ್ಮಿನಲ್ಲುಗಳನ್ನು ಅದರ ಗ್ರೌಂಡಿಗೇ ತುಂಡು ತಂತಿಯಿಂದ ಕೂಡಿಸಿದೆ. ಒಳಬರುವ ವೋಲ್ಟೇಜು ಸೊನ್ನೆಯಾದರೆ ಕಾರ್ಡು ತಾನಿರುವ ಜಾಗದ ಕಾವನ್ನೇ ಹೇಳಬೇಕು. ಪರದೆ ಸಂಭಾವಿತನಂತೆ ಆಫೀಸಿನ ಕಾವು 24 ಡಿಗ್ರಿ ತೋರಿಸಿತು. ಕಾರ್ಡು ಗಟ್ಟಿಮುಟ್ಟಾಗಿದೆ ಎಂದಾಗ ಮಗನ ಮುಖ ಸಪ್ಪಗಾಯಿತು.

ಥರ್ಮೊಕಪಲ್ ಮತ್ತೆ ಜೋಡಿಸಿದೆ. ಒಂದು ಕೈ ಸಿಪಿಯು ಡಬ್ಬಿಯ ಹಿಂದಿನ ಬರಿ ತಗಡಿನ ಮೇಲಿತ್ತು, ಇನ್ನೊಂದು ಕೈಯಲ್ಲಿ ಮೈನಸ್ ತಂತಿ. ಪರದೆಯ ಮೇಲ್ತುದಿಗೆ ಅಂಟಿಕೊಂಡಿದ್ದ ಕಾವಿನ ಗೆರೆ ದಬ್ಬನೆ ಕೆಳಗಿಳಿದು ನಿಂತಿತು. ಕೈ ಬಿಟ್ಟೆ, ಮತ್ತೆ ಮೇಲೆ. ಹಿಡಿದೆ, ಇಳಿಯಿತು.

"ಏನ್ ಕೈಗುಣರಿ ಸರ ನಿಮ್ದು!" ಸಾವ್ಕಾರರು ಎದ್ದು ನಿಂತೇಬಿಟ್ಟರು. ಕಾಕಾನೂ ಹಿಡಿದು ನೋಡಿದ; ಗೆರೆ ಜಗ್ಗಲಿಲ್ಲ. ಅವನ ಅಂಗೈ ವರ್ಷಾನುಗಟ್ಟಲೆ ಭಟ್ಟಿ ಮುಂದೆ ಒಣಗಿ ಜಡ್ಡುಗಟ್ಟಿತ್ತು, ರೆಸಿಸ್ಟೆನ್ಸ್ ವಿಪರೀತ. ನನ್ನದು ಬೆವರಿದ ಕೈ.

"ಹಂಗಾರ ನೀವು ಹಂಗ ಹಿಡ್ಕೊಂಡ ನಿಲ್ರಿ. ಎಂಟ ತಾಸಿನ ಶಿಫ್ಟ್. ಪಗಾರ ಎಷ್ಟ್ ತಗೋತೀರಿ, ಹೇಳ್ರಿ."

ಅವರು ತಮಾಷೆ ಮಾಡುತ್ತಿರಲಿಲ್ಲ. ವಿಷಯ ಇಷ್ಟೇ: ಥರ್ಮೊಕಪಲ್ ಪಿಂಗಾಣಿ ಕೊಳವೆಯೊಳಗೆ ಎಲ್ಲಿಗೂ ತಾಗದೆ ತೇಲುತ್ತಿತ್ತು. ಎರಡು ತಂತಿಗಳ ನಡುವಿನ ವ್ಯತ್ಯಾಸ ಅಳೆಯುವ ಕಾರ್ಡಿನ ಡಿಫರೆನ್ಷಿಯಲ್ ಇನ್‌ಪುಟ್ ಎಳೆಯುವ ಅಣುವಿನಷ್ಟು ಕರೆಂಟಿಗೂ ಮರಳುವ ದಾರಿ ಬೇಕು. ಇಲ್ಲದಿದ್ದರೆ ವೋಲ್ಟೇಜು ಅಲೆದಲೆದು ಕೊನೆಗೆ ಮಾಳಿಗೆ ಹತ್ತಿ ಕೂರುತ್ತದೆ. ಆ ದಾರಿ ನಾನಾಗಿದ್ದೆ. ಮೈನಸ್ಸಿನಿಂದ ಗ್ರೌಂಡಿಗೆ 100 ಕಿಲೊಓಮ್‌ನ ರೆಸಿಸ್ಟರ್ ಒಂದನ್ನು ಹಾಕಿ ನನ್ನ ನೌಕರಿ ಅದಕ್ಕೆ ಬಿಟ್ಟುಕೊಟ್ಟೆ. ಅದರ ಬೆಲೆ ಕೇಳಿದ ಸಾವ್ಕಾರರು ನನ್ನ ಬಿಲ್ಲನ್ನು ಇನ್ನೊಮ್ಮೆ ಓದಿದರು.

ಭಟ್ಟಿ ಶುರುವಾದ ಮೇಲೆ ಹೊಸ ತಕರಾರು. ಗೆರೆ ನಿಮಿಷಕ್ಕೊಮ್ಮೆ ಹತ್ತು ಡಿಗ್ರಿ ಏರುವುದು, ಇಳಿಯುವುದು. "ಭಟ್ಟಿ ಉಸುರಾಡಾಕತ್ತೈತ್ರಿ" ಎಂದು ಫೋನು. ಏರಿದಾಗ ಸ್ವಿಚ್ ಆಫ್, ಇಳಿದಾಗ ಆನ್ ಎಂದು ಸಾವ್ಕಾರರು ಕಾಕಾನನ್ನು ನಿಲ್ಲಿಸಿದ್ದರು. ಪಾಪ, ಅವನದೇ ಉಸಿರು ಹೋಗುವುದರಲ್ಲಿತ್ತು.

"ಟನ್ನಗಟ್ಲೆ ಮಾಲ್ ತುಂಬೇವ್ರಿ ಒಳಗ. ನಿಮಿಷಕ್ಕೊಮ್ಮೆ ಕಾಯಾಕ, ಆರಾಕ ಅದೇನ್ ಚಹಾದ ಕಪ್ಪೇನ್ರಿ?" ಎಂದ ಕಾಕಾ. ಆ ಶೆಡ್ಡಿನಲ್ಲಿ ಆಡಿದ ಅತ್ಯಂತ ವೈಜ್ಞಾನಿಕ ಮಾತು ಅದೇ, ನನ್ನವನ್ನೂ ಸೇರಿಸಿ.

ವಿಟಿಯು ನಮ್ಮೂರಲ್ಲೇ ಇರುವುದರಿಂದ, ಅಲೆಯನ್ನು ಸರಿಯಾಗಿ ಹಿಡಿಯಲು ಅದು ಕುಣಿಯುವುದರ ಎರಡರಷ್ಟಕ್ಕಿಂತ ಹೆಚ್ಚು ಸಲ ಅಳೆಯಬೇಕು ಎನ್ನುವ ನೈಕ್ವಿಸ್ಟ್ ಪ್ರಮೇಯ ಬಾಯಿಪಾಠ ಇರುವವರು ಓಣಿಗೊಬ್ಬರು ಸಿಗುತ್ತಾರೆ. ಸಾವ್ಕಾರರ ಮಗನೂ ಒಬ್ಬ. 1928ರಲ್ಲಿ ನೈಕ್ವಿಸ್ಟ್, 1949ರಲ್ಲಿ ಶಾನನ್ ಎಂದು ಇಸವಿ ಸಮೇತ ಒಪ್ಪಿಸಿದ. ತನ್ನ ಸಾಫ್ಟ್‌ವೇರ್ ಸೆಕೆಂಡಿಗೆ ಒಂದೇ ಸಲ ಅಳೆಯುತ್ತಿದೆ ಎಂಬುದಕ್ಕೂ ಆ ಪ್ರಮೇಯಕ್ಕೂ ಸಂಬಂಧವಿದೆ ಎಂದು ಮಾತ್ರ ಅವನಿಗೆ ಹೊಳೆದಿರಲಿಲ್ಲ. ಮೇನ್ಸ್ ಕರೆಂಟು ಸೆಕೆಂಡಿಗೆ 50 ಸಲ ಕುಣಿಯುತ್ತದೆ. ಅದರ ಚೂರು ತಂತಿಯೊಳಗೂ ನುಸುಳಿರುತ್ತದೆ. ಗ್ರಿಡ್ಡು ಒಂದಿಷ್ಟು ಓಡಿ 50.02 ಹರ್ಟ್ಸ್ ಆದರೆ ಸಾಕು, ಪ್ರತಿ ಸಲ ನೋಡಿದಾಗಲೂ ಅಲೆ ತುಸು ಮುಂದೆ ಸರಿದಿರುತ್ತದೆ. ಪರದೆಯಲ್ಲಿ 50 ಸೆಕೆಂಡಿಗೊಮ್ಮೆ ಏರಿಳಿಯುವ ಸುಳ್ಳು ಅಲೆ ಹುಟ್ಟುತ್ತದೆ.

ಸೆಕೆಂಡಿಗೆ ಸಾವಿರ ಸಲ ಅಳೆದು, 20 ಮಿಲಿಸೆಕೆಂಡಿನ ಪೂರ್ತಿ ಒಂದು ಸುತ್ತಿನ ಸರಾಸರಿ ತೆಗೆಯಲು ಹೇಳಿದೆ. ಏರಿದ್ದು ಇಳಿದಿದ್ದಕ್ಕೆ ವಜಾ ಆಗಿ ಗೆರೆ ಮಟ್ಟಸವಾಯಿತು. ಕಾಕಾ ಸ್ಟೂಲು ಎಳೆದುಕೊಂಡು ಕೂತ.

ವಾರ ಕಳೆಯುವುದರೊಳಗೆ ಮತ್ತೆ ಸಾವ್ಕಾರರ ಫೋನು. ಗಿರಾಕಿ ಕಂಪನಿಯ ಆಡಿಟರ್ ಬಂದು ಗ್ರಾಫ್ ನೋಡಿ, ಇದು ಭಟ್ಟಿಯದೋ, ಪಟ್ಟಿ ಇಟ್ಟು ಎಳೆದಿದ್ದೋ ಎಂದು ಕೇಳಿದನಂತೆ.

"ಸರ, ಒಂದೀಟ ಅಳ್ಳಾಡೂ ಹಂಗ ಮಾಡಾಕ ಬರ್ತೈತೇನ್ರಿ?"

ನಾನು ಉತ್ತರ ಹುಡುಕುತ್ತಿದ್ದೆ. ಅತ್ತ ಕಾಕಾ ಎದ್ದು, ಆಡಿಟರ್ ಎದುರೇ ಭಟ್ಟಿ ಬಾಗಿಲು ತೆರೆದನಂತೆ. ಗೆರೆ ಇಳಿಯಿತು. ಆಡಿಟರನೂ ನಾಲ್ಕು ಹೆಜ್ಜೆ ಹಿಂದೆ ಸರಿದು, ಆಯ್ತು, ಮುಚ್ಚಿ ಎಂದು ಸಹಿ ಹಾಕಿದನಂತೆ.