ಗಡ್ಡೆ ಇದೆ ಅಂದ ಮಾತ್ರಕ್ಕೆ ಗರ್ಭಕೋಶ ತೆಗೆಸಬೇಕಾ?

ನನ್ನ ಅಕ್ಕನಿಗೂ ನನ್ನ ಹೆಂಡತಿಗೂ ಬಂದದ್ದು ಒಂದೇ ತೊಂದರೆ, ಗರ್ಭಕೋಶದಲ್ಲಿ ಫೈಬ್ರಾಯ್ಡ್ ಗಡ್ಡೆ. ಅಕ್ಕ ತೋರಿಸಿಕೊಂಡದ್ದು ಕರ್ನಾಟಕದಲ್ಲಿ, ಹೆಂಡತಿ ನಾವಿರುವ ಇಂಗ್ಲೆಂಡಿನಲ್ಲಿ. ಇಬ್ಬರಿಗೂ ನಲವತ್ತು ದಾಟಿತ್ತು, ಇಬ್ಬರಿಗೂ ಮಕ್ಕಳಿದ್ದಾರೆ. ಡಾಕ್ಟರು ಮೊದಲು ಆಡಿದ ಮಾತು ಮಾತ್ರ ಪೂರ್ತಿ ಬೇರೆ.

ಅಕ್ಕನ ಸ್ಕ್ಯಾನಿಂಗ್ ರಿಪೋರ್ಟ್ ನೋಡಿದ ತಕ್ಷಣ, "ಐದು ಸೆಂಟಿಮೀಟರ್ ಇದೆ. ಮಕ್ಕಳಾಗಿದೆಯಲ್ಲಮ್ಮ, ತೆಗೆಸಿಬಿಡಿ" ಅಂದರು. ಬಿಟ್ಟರೆ ಕ್ಯಾನ್ಸರ್ ಆದೀತು ಅಂತಲೂ ಸೇರಿಸಿದರು. ಇಲ್ಲಿ ನನ್ನ ಹೆಂಡತಿಯನ್ನು ಮೊದಲು ಪ್ರಶ್ನೆ ಕೇಳಿದರು. ರಾತ್ರಿ ಪ್ಯಾಡ್ ಬದಲಿಸೋಕೆ ಏಳಬೇಕಾ? ಹೆಪ್ಪುಗಟ್ಟಿದ ರಕ್ತ ಹೋಗುತ್ತಾ? ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಾ? ಪದೇ ಪದೇ ಮೂತ್ರಕ್ಕೆ ಹೋಗಬೇಕಾ? ಇದರಲ್ಲಿ ನಿಮಗೆ ಜಾಸ್ತಿ ಕಷ್ಟ ಕೊಡೋದು ಯಾವುದು? ಆಮೇಲೆ ಹಾಳೆಯ ಮೇಲೆ ಗರ್ಭಕೋಶದ ಚಿತ್ರ ಬರೆದು ಗಡ್ಡೆ ಎಲ್ಲಿದೆ ಅಂತ ತೋರಿಸಿದರು.

ಆ ಚಿತ್ರ ಬಹಳ ಮುಖ್ಯ. ಯಾಕೆಂದರೆ ಫೈಬ್ರಾಯ್ಡ್ ವಿಷಯದಲ್ಲಿ ಗಾತ್ರದಷ್ಟೇ ಜಾಗವೂ ಲೆಕ್ಕಕ್ಕೆ ಬರುತ್ತದೆ. ಗರ್ಭಕೋಶದ ಒಳಗಡೆಗೆ ಚಾಚಿದ್ದರೆ ಸಣ್ಣ ಗಡ್ಡೆಯೂ ಧಾರಾಕಾರ ರಕ್ತಸ್ರಾವ ಮಾಡಬಹುದು. ಹೊರಮೈಗೆ ಅಂಟಿಕೊಂಡ ದೊಡ್ಡ ಗಡ್ಡೆ ಎಷ್ಟೋ ಸಲ ಇದ್ದದ್ದೇ ಗೊತ್ತಾಗುವುದಿಲ್ಲ. ಅಮೆರಿಕದ ಒಂದು ಅಧ್ಯಯನದ ಪ್ರಕಾರ 50 ವರ್ಷದ ಹೊತ್ತಿಗೆ ನೂರರಲ್ಲಿ ಸುಮಾರು 70ರಿಂದ 80 ಹೆಂಗಸರಿಗೆ ಫೈಬ್ರಾಯ್ಡ್ ಇರುತ್ತದೆ. ಅಷ್ಟೂ ಜನರ ಗರ್ಭಕೋಶ ತೆಗೆಯೋಕಾಗುತ್ತಾ? ಇದು ಸ್ನಾಯುವಿನಿಂದಲೇ ಬೆಳೆದ ಗಡ್ಡೆ. ಕ್ಯಾನ್ಸರ್ ಇರುವುದು ತೀರಾ ಅಪರೂಪ. ಮುಟ್ಟು ನಿಂತ ಮೇಲೆ ಸಾಮಾನ್ಯವಾಗಿ ತಾನಾಗಿಯೇ ಕುಗ್ಗುತ್ತದೆ.

ಇಂಗ್ಲೆಂಡಿನ ಡಾಕ್ಟರುಗಳು ಜಾಸ್ತಿ ಒಳ್ಳೆಯವರು ಅಂತ ನಾನು ಹೇಳುತ್ತಿಲ್ಲ. ಇಲ್ಲಿ ಚಿಕಿತ್ಸೆ ಹೇಗಿರಬೇಕು ಅಂತ ಸಲಹೆ ಕೊಡುವ ನೈಸ್ ಅನ್ನುವ ಸರ್ಕಾರಿ ಸಂಸ್ಥೆ 2018ರಲ್ಲಿ ಹೊರಡಿಸಿದ ಮಾರ್ಗಸೂಚಿ ಇದೆ. ಮೂರು ಸೆಂಟಿಮೀಟರ್ ಅಥವಾ ಅದಕ್ಕಿಂತ ದೊಡ್ಡ ಗಡ್ಡೆಯಿಂದ ಮುಟ್ಟಿನ ಸ್ರಾವ ಜಾಸ್ತಿಯಾಗಿದ್ದರೆ ಯಾವ್ಯಾವ ದಾರಿ ಇದೆ ಅಂತ ಅದರಲ್ಲಿ ಬರೆದಿದೆ. ಸ್ರಾವ ಕಡಿಮೆ ಮಾಡುವ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ, ಗರ್ಭಕೋಶದ ಒಳಗಿಡುವ ಹಾರ್ಮೋನ್ ಕಾಯಿಲ್, ಗಡ್ಡೆಯನ್ನಷ್ಟೇ ತೆಗೆಯುವ ಆಪರೇಷನ್, ಗಡ್ಡೆಗೆ ಹೋಗುವ ರಕ್ತವನ್ನು ತಡೆಯುವ ಎಂಬೊಲೈಸೇಶನ್, ಗರ್ಭಕೋಶ ತೆಗೆಯುವುದು. ಡಾಕ್ಟರು ಇವನ್ನೆಲ್ಲ ಹೇಳಲೇಬೇಕು. ಆರಿಸಿಕೊಳ್ಳುವುದು ಆಕೆಗೆ ಬಿಟ್ಟದ್ದು.

ನನ್ನ ಹೆಂಡತಿ ಆರಿಸಿಕೊಂಡದ್ದು ಎಂಬೊಲೈಸೇಶನ್. 1995ರಲ್ಲಿ ಪ್ಯಾರಿಸ್ಸಿನ ಡಾಕ್ಟರ್ ಜಾಕ್ ರವೀನಾ ತಂಡ ಇದನ್ನು ಫೈಬ್ರಾಯ್ಡ್‌ಗೆ ಬಳಸಿದ ವರದಿ ಪ್ರಕಟಿಸಿತು. ತೊಡೆಸಂದಿನ ಅಥವಾ ಮಣಿಕಟ್ಟಿನ ರಕ್ತನಾಳದಿಂದ ಸಣ್ಣ ಕೊಳವೆ ತೂರಿಸಿ, ಎಕ್ಸ್‌ರೇಯಲ್ಲಿ ನೋಡುತ್ತಾ ಗರ್ಭಕೋಶದ ರಕ್ತನಾಳದವರೆಗೆ ಒಯ್ಯುತ್ತಾರೆ. ಅಲ್ಲಿ ಮರಳಿನಷ್ಟು ಸಣ್ಣ ಕಣಗಳನ್ನು ಬಿಡುತ್ತಾರೆ. ರಕ್ತ ಸಿಗದೆ ಗಡ್ಡೆ ಸೊರಗುತ್ತದೆ. ಹೊಟ್ಟೆ ಕೊಯ್ಯುವುದಿಲ್ಲ, ಪೂರ್ತಿ ಅರಿವಳಿಕೆಯೂ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಆದರೆ ನೋವಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಆ ರಾತ್ರಿ ಅವಳು ನೋವು ತಗ್ಗಿಸುವ ಮಾರ್ಫಿನ್ ಬಿಡುವ ಯಂತ್ರದ ಗುಂಡಿ ಒತ್ತುತ್ತಾ ಹಲ್ಲು ಕಚ್ಚಿಕೊಂಡು ಮಲಗಿದ್ದಳು. ಆಮೇಲೆ ಕೆಲವು ದಿನ ಸಣ್ಣ ಜ್ವರ, ಸುಸ್ತು. ಸ್ರಾವ ಒಂದೇ ಸಲಕ್ಕೆ ಕಡಿಮೆಯಾಗಲಿಲ್ಲ, ಕೆಲವು ತಿಂಗಳು ಹಿಡಿಯಿತು. ಈಗ ಕಪ್ಪು ಬಟ್ಟೆ ಹಾಕಿಕೊಂಡೇ ಹೊರಗೆ ಹೋಗಬೇಕು ಅನ್ನೋ ಚಿಂತೆ ಇಲ್ಲ.

ಇದು ಎಲ್ಲರಿಗೂ ಕೈ ಹಿಡಿಯುವ ಚಿಕಿತ್ಸೆಯೂ ಅಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ ಗರ್ಭಕೋಶ ತೆಗೆಸಲು ತಯಾರಾಗಿದ್ದ ಹೆಂಗಸರಲ್ಲಿ ಕೆಲವರಿಗೆ ಇದನ್ನು ಮಾಡಿ 10 ವರ್ಷ ಗಮನಿಸಿದರು. ಸುಮಾರು ಮೂರರಲ್ಲಿ ಎರಡು ಪಾಲು ಜನರಿಗೆ ಗರ್ಭಕೋಶ ತೆಗೆಸಬೇಕಾಗಿ ಬರಲಿಲ್ಲ, ಉಳಿದವರಿಗೆ ಬಂತು. ಮುಂದೆ ಮಕ್ಕಳು ಬೇಕು ಅನ್ನುವವರಿಗೆ ಗಡ್ಡೆಯನ್ನಷ್ಟೇ ತೆಗೆಯುವ ಆಪರೇಷನ್ನನ್ನೇ ಸಾಮಾನ್ಯವಾಗಿ ಹೇಳುತ್ತಾರೆ. ಅದರಲ್ಲೂ ಗಡ್ಡೆ ಮತ್ತೆ ಬೆಳೆಯಬಹುದು. ಮತ್ತೆ ಬಾರದ ಹಾಗೆ ಮಾಡುವುದು ಗರ್ಭಕೋಶ ತೆಗೆಯುವುದೊಂದೇ. ವರ್ಷಗಟ್ಟಲೆ ರಕ್ತ ಹೋಗಿ ಸಾಕಾದವಳು ಎಲ್ಲ ಗೊತ್ತಿದ್ದೂ ಅದನ್ನೇ ಕೇಳಿದರೆ ಅದೂ ಸರಿಯಾದ ಚಿಕಿತ್ಸೆಯೇ.

ನನಗೆ ಸಿಟ್ಟು ಬರುವುದು ಮಿಕ್ಕ ದಾರಿಗಳ ಹೆಸರನ್ನೇ ಎತ್ತದಿದ್ದಾಗ. ಎಂಬೊಲೈಸೇಶನ್ ಮಾಡುವವರು ಇಂಟರ್ವೆನ್ಶನಲ್ ರೇಡಿಯಾಲಜಿಸ್ಟ್, ಅಂದರೆ ಎಕ್ಸ್‌ರೇ, ಸ್ಕ್ಯಾನ್ ನೋಡುತ್ತಾ ಕೊಳವೆ ತೂರಿಸಿ ಚಿಕಿತ್ಸೆ ಮಾಡುವ ಡಾಕ್ಟರು, ಸ್ತ್ರೀರೋಗದ ಡಾಕ್ಟರಲ್ಲ. ತಾವು ಮಾಡದ ಚಿಕಿತ್ಸೆಯನ್ನು ಹೇಳದೇ ಬಿಡುವುದು ಸುಲಭ, ಅಲ್ವಾ? ಇನ್ನೊಂದು, "ಹೇಗೂ ಹೊಟ್ಟೆ ತೆರೆದಿದೆ" ಅಂತ ಅಂಡಾಶಯವನ್ನೂ ತೆಗೆಯುವುದು. ಚಿಕ್ಕ ವಯಸ್ಸಿಗೇ ಅದು ಹೋದರೆ ಮುಟ್ಟು ನಿಂತವರ ಕಷ್ಟವೆಲ್ಲ ಒಮ್ಮೆಲೇ ಬರುತ್ತದೆ. ಮೂಳೆ ಸವೆಯುವ, ಹೃದಯದ ಕಾಯಿಲೆ ಬರುವ ಅಪಾಯವೂ ಜಾಸ್ತಿ.

ಇಂಗ್ಲೆಂಡಿನ ದೊಡ್ಡ ಕೊರತೆಯನ್ನೂ ಹೇಳಲೇಬೇಕು. ಇಲ್ಲಿ ತಜ್ಞರನ್ನು ನೋಡೋಕೆ ತಿಂಗಳುಗಟ್ಟಲೆ ಕಾಯಬೇಕು. ಹಿಮೋಗ್ಲೋಬಿನ್ ಇಳಿದು ನನ್ನ ಹೆಂಡತಿ ಗೋಡೆ ಹಿಡಿದು ನಡೆಯುತ್ತಿದ್ದಾಗಲೂ ಆಸ್ಪತ್ರೆಯಿಂದ ಭೇಟಿಯ ದಿನ ತಿಳಿಸುವ ಪತ್ರ ಬರುವುದನ್ನೇ ಕಾದೆವು. ಅಕ್ಕನಿಗೆ ಸ್ಕ್ಯಾನಿಂಗ್, ಡಾಕ್ಟರ ಭೇಟಿ ಎಲ್ಲ ಒಂದೇ ದಿನಕ್ಕೆ ಮುಗಿದಿತ್ತು. ಆ ಚುರುಕಿನ ಜೊತೆ ಅರ್ಧ ಗಂಟೆ ಮಾತೂ ಸಿಕ್ಕಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು!

ಭಾರತದಲ್ಲೂ ನಿಯಮ ಇಲ್ಲ ಅಂತಲ್ಲ. ಬೇಡದಿದ್ದರೂ ಗರ್ಭಕೋಶ ತೆಗೆಯುವುದನ್ನು ತಡೆಯೋಕೆ ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ಮಾರ್ಗಸೂಚಿ ಹೊರಡಿಸಿತು. ಅದನ್ನು ಮೂರು ತಿಂಗಳೊಳಗೆ ಜಾರಿಗೆ ತನ್ನಿ ಅಂತ 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಹೇಳಿತು. ಆದರೆ ಡಾಕ್ಟರ ಮುಂದೆ ಕೂತ ಹೆಂಗಸಿಗೆ ಅದು ಗೊತ್ತಿರಬೇಕಲ್ಲ. ಅವಳ ಜೊತೆ ಹೋದ ಗಂಡನಿಗೋ ತಮ್ಮನಿಗೋ ಗೊತ್ತಿರಬೇಕು. ಮುಟ್ಟಿನ ವಿಷಯ ಅಂತ ನಾವು ಗಂಡಸರು ಹೊರಗೆ ಬೆಂಚಿನ ಮೇಲೆ ಕೂತುಬಿಡುತ್ತೇವೆ.

ಅಕ್ಕ ಕೊನೆಗೆ ಭಾವನನ್ನು ಕರೆದುಕೊಂಡು ಇನ್ನೊಬ್ಬ ಡಾಕ್ಟರ ಹತ್ತಿರ ಹೋದಳು. ಗಡ್ಡೆ ಗರ್ಭಕೋಶದ ಗೋಡೆಯೊಳಗಿದೆ, ಒಳಗಿನ ಜಾಗ ಒತ್ತಿಲ್ಲ ಅಂತ ನೋಡಿ ಅವರು ಹಾರ್ಮೋನ್ ಕಾಯಿಲ್ ಹಾಕಿದರು, ಕಬ್ಬಿಣದ ಮಾತ್ರೆ ಕೊಟ್ಟರು. ಈಗ ಸ್ರಾವ ತುಂಬಾ ಇಳಿದಿದೆ. ಗಡ್ಡೆ ಇನ್ನೂ ಬೆಳೆದರೆ ಎಂಬೊಲೈಸೇಶನ್ ಬಗ್ಗೆ ಕೇಳುತ್ತೀನಿ, ಅದೂ ಆಗದಿದ್ದರೆ ತೆಗೆಸುತ್ತೀನಿ ಅನ್ನುತ್ತಾಳೆ. ಹಾಗೇನಾದರೂ ಆದರೆ ಅಂಡಾಶಯ ಉಳಿಸಿ ಅಂತ ತನ್ನ ಫೈಲಿನಲ್ಲಿ ಈಗಲೇ ಬರೆಸಿ ಇಟ್ಟಿದ್ದಾಳೆ.