ಅಭಿಮಾನಕ್ಕೆ ಎಷ್ಟು ಸೇರು?

2024ರ ಏಪ್ರಿಲ್‌ನಲ್ಲಿ ಅಮೆರಿಕದ ಕ್ರೀಡಾ ಪಂಡಿತರಿಗೆ ಬರಬಾರದ ಕಷ್ಟ ಬಂತು. ಕಾಲೇಜು ಬ್ಯಾಸ್ಕೆಟ್‌ಬಾಲ್‌ನ ಮಹಿಳೆಯರ ಫೈನಲ್ ಪಂದ್ಯವನ್ನು ಸರಾಸರಿ 1 ಕೋಟಿ 89 ಲಕ್ಷ ಜನ ಟಿವಿಯಲ್ಲಿ ನೋಡಿಬಿಟ್ಟರು. ಮರುದಿನದ ಪುರುಷರ ಫೈನಲ್‌ಗೆ ಸಿಕ್ಕವರು 1 ಕೋಟಿ 48 ಲಕ್ಷ. ಹಿಂದೆಂದೂ ಹೀಗಾಗಿರಲಿಲ್ಲ. ಆಟದಲ್ಲಿ ಸೌತ್ ಕ್ಯಾರೊಲಿನಾ ತಂಡ ಅಯೋವಾವನ್ನು 87-75ರಿಂದ ಸೋಲಿಸಿತು ಎಂಬುದು ಸಣ್ಣ ವಿಷಯ. ಈ ಸಂಖ್ಯೆಯನ್ನು ಸೋಲಿಸುವುದು ಹೇಗೆ ಎಂಬುದೇ ದೊಡ್ಡ ಚಿಂತೆಯಾಯಿತು.

ಮೊದಲು ತಕರಾರು ತೆಗೆದವರು ಹೇಳಿದರು: ‘ಪುರುಷರ ಪಂದ್ಯ ಕೇಬಲ್ ಚಾನೆಲ್ಲಿನಲ್ಲಿತ್ತು, ಮಹಿಳೆಯರದು ಎಲ್ಲರಿಗೂ ಪುಕ್ಕಟೆ ಸಿಗುವ ಎಬಿಸಿಯಲ್ಲಿತ್ತು. ಹೋಲಿಸಬಾರದು.’ ನ್ಯಾಯವಾದ ಮಾತು. 1996ರಿಂದ 2022ರವರೆಗೆ ಮಹಿಳೆಯರ ಫೈನಲ್ ಬಿದ್ದುಕೊಂಡಿದ್ದುದು ಕೇಬಲ್ಲಿನಲ್ಲೇ. ಆ ಕಾಲದ ಬಹುಪಾಲು ವರ್ಷ ಪುರುಷರದು ಸಿಬಿಎಸ್‌ನಲ್ಲಿ, ಪುಕ್ಕಟೆಯಾಗಿಯೇ ಇತ್ತು. ಆಗ ಧಾರಾಳವಾಗಿ ಹೋಲಿಸುತ್ತಿದ್ದರು. ಕೇಬಲ್ ಎಂಬುದರ ಶೋಧ ಆಗಿರಲಿಲ್ಲವೆಂದು ಕಾಣುತ್ತದೆ. 2022ರಲ್ಲಿ ಅದೇ ಕೇಬಲ್ ಪುರುಷರ ಫೈನಲ್‌ಗೆ ಸುಮಾರು 1 ಕೋಟಿ 81 ಲಕ್ಷ ಜನರನ್ನು ತಂದುಕೊಟ್ಟಿತ್ತಲ್ಲ ಎಂದು ಕೇಳುವುದು ತರಲೆಯಾದೀತು. ಎರಡು ವರ್ಷದಲ್ಲಿ ತಂತಿ ಸವೆದಿರಬೇಕು.

ಎರಡನೆಯ ತಕರಾರು ಇನ್ನೂ ಸೊಗಸು. ‘ಅವರೆಲ್ಲ ನೋಡಿದ್ದು ಬ್ಯಾಸ್ಕೆಟ್‌ಬಾಲ್ ಅಲ್ಲ, ಅಯೋವಾದ ಕೇಟ್ಲಿನ್ ಕ್ಲಾರ್ಕ್‌ಳನ್ನು.’ ಅಂದರೆ ಒಬ್ಬ ಆಟಗಾರ್ತಿಯನ್ನು ಮೆಚ್ಚಿ ಬಂದವರನ್ನು ಕಳೆದು, ಉಳಿದವರನ್ನು ಮಾತ್ರ ಅಸಲಿ ಅಭಿಮಾನಿಗಳೆಂದು ಹಿಡಿಯಬೇಕು. ಈ ಕಳೆಯುವ ಲೆಕ್ಕವನ್ನು 1979ಕ್ಕೂ ಹಾಕಿ ನೋಡೋಣ. ಆ ವರ್ಷದ ಪುರುಷರ ಫೈನಲ್‌ನಲ್ಲಿ ಮುಂದೆ ದೊಡ್ಡ ತಾರೆಗಳಾದ ಮ್ಯಾಜಿಕ್ ಜಾನ್ಸನ್ ಮತ್ತು ಲ್ಯಾರಿ ಬರ್ಡ್ ಎದುರುಬದುರಾಗಿದ್ದರು. ಅವರಿಬ್ಬರಿಗಾಗಿ ಟಿವಿ ಮುಂದೆ ಕುಳಿತವರನ್ನು ಕಳೆದರೆ ಎಷ್ಟು ಉಳಿಯುತ್ತದೋ ಯಾರಿಗೂ ಗೊತ್ತಿಲ್ಲ, ಏಕೆಂದರೆ ಯಾರೂ ಕಳೆದಿಲ್ಲ. ಅದಕ್ಕೆ ಸುವರ್ಣಯುಗ ಎಂದು ಹೆಸರಿಟ್ಟು ಸುಮ್ಮನಾದರು.

ಕಾಲೇಜು ಮುಗಿಸಿ ಹೋಗಿದ್ದ ಕ್ಲಾರ್ಕ್ 2025ರಲ್ಲಿ ಇರಲಿಲ್ಲ. ಮಹಿಳೆಯರ ಫೈನಲ್ ನೋಡಿದವರು ಸುಮಾರು 85 ಲಕ್ಷ. ಪಂಡಿತರ ಮುಖಕ್ಕೆ ಕಳೆ ಬಂತು. ಅರ್ಧಕ್ಕಿಂತ ಹೆಚ್ಚು ಕುಸಿತ! ಮೂರೇ ವರ್ಷದ ಹಿಂದೆ ಇದೇ ಪಂದ್ಯಕ್ಕೆ 48 ಲಕ್ಷ ಚಿಲ್ಲರೆ ಇತ್ತಲ್ಲವೇ ಎಂದರೆ, ಅವರ ಅಳತೆ ಪಟ್ಟಿ ಅಷ್ಟು ಹಿಂದಕ್ಕೆ ಚಾಚುವುದಿಲ್ಲ. ಪುರುಷರ ಫೈನಲ್ 2022ರಿಂದ 2023ಕ್ಕೆ 34 ಲಕ್ಷದಷ್ಟು ಜನರನ್ನು ಕಳೆದುಕೊಂಡಾಗ ಮಾತ್ರ ಆಟದ ಭವಿಷ್ಯದ ಬಗ್ಗೆ ಯಾರಿಗೂ ನಿದ್ದೆಗೆಡಬೇಕೆನಿಸಲಿಲ್ಲ.

ಟಿವಿ ಬಿಡಿ, ಕ್ರೀಡಾಂಗಣಕ್ಕೇ ಹೋಗಿ ತಲೆ ಎಣಿಸೋಣವೆಂದರೆ ಅಲ್ಲೂ ಪೇಚು. 2023ರ ಅಕ್ಟೋಬರ್‌ನಲ್ಲಿ ಅಯೋವಾದವರು ಫುಟ್‌ಬಾಲ್ ಮೈದಾನದಲ್ಲಿ, ತೆರೆದ ಆಕಾಶದ ಕೆಳಗೆ ಪಂದ್ಯವಿಟ್ಟರು. 55,646 ಜನ ಸೇರಿದರು. ಅದು ಪ್ರದರ್ಶನ ಪಂದ್ಯ, ಬಿಡಿ ಎಂದಾಯಿತು. ಸೌತ್ ಕ್ಯಾರೊಲಿನಾ ವರ್ಷಗಟ್ಟಲೆ ದೇಶದಲ್ಲೇ ಅತಿ ಹೆಚ್ಚು ಪ್ರೇಕ್ಷಕರನ್ನು ಸೆಳೆಯುತ್ತಿದೆ. ಅದು ಆ ಊರಿನ ಹುಚ್ಚು, ಬಿಡಿ. ಕೆಲವು ಕಾಲೇಜುಗಳು ವಾರದ ನಡುವೆ ಬೆಳಗಿನ ಹೊತ್ತು ಪಂದ್ಯವಿಟ್ಟು ಶಾಲಾ ಮಕ್ಕಳನ್ನು ಬಸ್ಸಿನಲ್ಲಿ ಕರೆಸುತ್ತವೆ. ಕೆನ್ನೆಗೆ ತಂಡದ ಬಣ್ಣ ಬಳಿದುಕೊಂಡ ನಾಲ್ಕನೆಯ ತರಗತಿಯ ಹುಡುಗಿ, ಎದುರು ತಂಡದವರು ಫ್ರೀ ಥ್ರೋ ಎಸೆಯುವಾಗ ಗಂಟಲು ಹರಿಯುವಂತೆ ಕಿರುಚುತ್ತಾಳೆ. ಪಂಡಿತರ ಪ್ರಕಾರ ಆಕೆ ಅಭಿಮಾನಿಯಲ್ಲ, ಶಾಲಾ ಪ್ರವಾಸ. ಪ್ರಕಟಿಸುವ ಹಾಜರಿಯೋ, ಸಾಮಾನ್ಯವಾಗಿ ಮಾರಾಟವಾದ ಟಿಕೆಟ್ಟಿನ ಲೆಕ್ಕ. ಹಾಗಾಗಿ ಇಡೀ ಋತುವಿನ ಟಿಕೆಟ್ ಕೊಂಡು ಮನೆಯಲ್ಲಿ ಹೊದ್ದು ಮಲಗಿದವನ ಖಾಲಿ ಕುರ್ಚಿ ಅಪ್ಪಟ ಅಭಿಮಾನಿ.

ಅಳೆಯುವುದಕ್ಕೆ ಇಷ್ಟು ಶ್ರಮಪಟ್ಟವರು ಮಾರುವುದಕ್ಕೆ ಎಷ್ಟು ಪಟ್ಟಿದ್ದರು? 2021ರಲ್ಲಿ ಸ್ಯಾನ್ ಆಂಟೋನಿಯೊದಲ್ಲಿ ಮಹಿಳೆಯರ ಟೂರ್ನಿಗೆ ಕೊಟ್ಟ ಜಿಮ್ ಎಂದರೆ ಡಂಬೆಲ್‌ಗಳ ಒಂದು ಪುಟ್ಟ ಸ್ಟ್ಯಾಂಡು. ಜಾಗದ ಕೊರತೆ ಎಂದರು, ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಸಂಸ್ಥೆಯವರು. ಒರೆಗಾನ್ ತಂಡದ ಸೆಡೋನಾ ಪ್ರಿನ್ಸ್ ಮೊಬೈಲ್ ಕ್ಯಾಮೆರಾವನ್ನು ಸುಮ್ಮನೆ ಆ ಕಡೆ ತಿರುಗಿಸಿದಳು. ಪಕ್ಕದಲ್ಲಿ ವಿಶಾಲವಾದ ಜಾಗ ಬಣಗುಟ್ಟುತ್ತಿತ್ತು. ಪುರುಷರ ಟೂರ್ನಿಯ ‘ಮಾರ್ಚ್ ಮ್ಯಾಡ್ನೆಸ್’ ಎಂಬ ಪ್ರಸಿದ್ಧ ಹೆಸರು ಮಹಿಳೆಯರ ಟೂರ್ನಿಗೆ ದಕ್ಕಿದ್ದೂ 2022ರಲ್ಲಿ.

ಪ್ರಸಾರದ ಹಕ್ಕಿನದು ಬೇರೆಯೇ ಕಥೆ. ಪುರುಷರ ಟೂರ್ನಿಯನ್ನು ಪ್ರತ್ಯೇಕವಾಗಿ ಮಾರುತ್ತಾರೆ: ಎಂಟು ವರ್ಷಕ್ಕೆ 880 ಕೋಟಿ ಡಾಲರ್. ಮಹಿಳೆಯರದನ್ನು ಹತ್ತಾರು ಬೇರೆ ಕ್ರೀಡೆಗಳ ಜೊತೆ ಒಂದೇ ಮೂಟೆ ಕಟ್ಟಿ ಇಎಸ್‌ಪಿಎನ್‌ಗೆ ಕೊಡುತ್ತಾ ಬಂದರು. ಕೊಸರಿಗೆ ಹಾಕಿದ ಕರಿಬೇವಿಗೆ ಬೆಲೆ ಎಷ್ಟೆಂದು ತರಕಾರಿಯವಳು ಸಹ ಹೇಳುವುದಿಲ್ಲ. ಇವರು ಕೊಸರಿಗೆ ತಾವೇ ಹಾಕಿ, ನೋಡಿ ಇದಕ್ಕೆ ಬೆಲೆಯೇ ಇಲ್ಲ ಎಂದು ದಾಖಲೆ ಬರೆದರು. ಎನ್‌ಸಿಎಎ ತಾನೇ ನೇಮಿಸಿದ ವಕೀಲರ ಸಂಸ್ಥೆಯ 2021ರ ವರದಿ ಈ ಟೂರ್ನಿಗೆ ವರ್ಷಕ್ಕೆ 8.1ರಿಂದ 11.2 ಕೋಟಿ ಡಾಲರ್ ಬಂದೀತೆಂದು ಅಂದಾಜಿಸಿತು. 2024ರಲ್ಲಿ ಮತ್ತೆ ಮೂಟೆಯನ್ನೇ ಕಟ್ಟಿ, ಅದರೊಳಗೆ ಇದರ ಪಾಲು 6.5 ಕೋಟಿ ಎಂದು ನಿರ್ಧರಿಸಿದರು.

ಪುರುಷರ ತಂಡಗಳು ಟೂರ್ನಿಯಲ್ಲಿ ಆಡಿದ ಪಂದ್ಯಗಳ ಲೆಕ್ಕದಲ್ಲಿ ಅವರ ಕಾಲೇಜುಗಳ ಒಕ್ಕೂಟಗಳಿಗೆ 1991ರಿಂದಲೂ ಹಣ ಸಿಗುತ್ತಿದೆ. ಮಹಿಳೆಯರ ತಂಡಗಳಿಗೆ ಅದು ಆರಂಭವಾದದ್ದು 2025ರಲ್ಲಿ. ಅಲ್ಲಿಯವರೆಗೆ ಸಿಗುತ್ತಿದ್ದುದು ಸೊನ್ನೆ, ಮತ್ತು ಆ ಒಂದು ಅಂಕಿಯ ಬಗ್ಗೆ ಮಾತ್ರ ಪಂಡಿತರ ತಕರಾರು ಇರಲಿಲ್ಲ.