ರಕೀಮ್ ಕೈಯಲ್ಲಿದ್ದ ಸ್ಯಾಕ್ಸೋಫೋನ್
ರ‍್ಯಾಪರ್ ರಕೀಮ್ ಬಗ್ಗೆ ನಿಮ್ಮ ಲೇಖನವನ್ನು ಕನ್ನಡದಲ್ಲಿ ಓದಿ ತುಂಬಾ ಖುಷಿಯಾಯ್ತು. ಅವರ 1987ರ 'ಪೇಡ್ ಇನ್ ಫುಲ್' ಆಲ್ಬಂ ಬಗ್ಗೆ ಚೆನ್ನಾಗಿ ಬರೆದಿದ್ದೀರಿ. ಆದರೆ ಸ್ಯಾಕ್ಸೋಫೋನ್ ಮಾತೇ ಬಂದಿಲ್ಲ. ನ್ಯೂಯಾರ್ಕ್ ಹತ್ತಿರದ ಲಾಂಗ್ ಐಲ್ಯಾಂಡಿನಲ್ಲಿ ಬೆಳೆದ ಅವರು ಚಿಕ್ಕಂದಿನಲ್ಲೇ ಅದನ್ನು ನುಡಿಸುತ್ತಿದ್ದರು. ಜಾಝ್ ಸ್ಯಾಕ್ಸೋಫೋನ್ ವಾದಕ ಜಾನ್ ಕೋಲ್ಟ್ರೇನ್ ಅಂದರೆ ಅವರಿಗೆ ಪ್ರಾಣ. ಸಾಲು ಎಲ್ಲಿ ನಿಲ್ಲಬೇಕು, ಎಲ್ಲಿ ಮುಂದಿನ ತಾಳಕ್ಕೆ ಹರಿಯಬೇಕು ಅನ್ನೋ ಹದ ಅಲ್ಲಿಂದ ಬಂದದ್ದು.

ರಕೀಮ್ ಬರೋಕೆ ಮೊದಲು ರ‍್ಯಾಪ್‌ನಲ್ಲಿ ಪ್ರಾಸ ಹೆಚ್ಚಾಗಿ ಸಾಲಿನ ಕೊನೆಗೆ ಬೀಳುತ್ತಿತ್ತು. ಇವರು ನಡುನಡುವೆಯೂ ಪೋಣಿಸಿದರು. ಎರಡನೇ ಅಕ್ಷರದ ಪ್ರಾಸ ಕೇಳಿ ಬೆಳೆದ ನಮ್ಮ ಕಿವಿಗೆ ಇದು ಬೇಗ ಹಿಡಿಸುತ್ತೆ, ಅಲ್ವಾ?

1986ರಲ್ಲಿ ಸಂಗೀತ ನಿರ್ಮಾಪಕ ಮಾರ್ಲಿ ಮಾರ್ಲ್ ಅವರ ಮನೆಯ ಸ್ಟುಡಿಯೋದಲ್ಲಿ ಮೊದಲ ರೆಕಾರ್ಡಿಂಗ್. ಇನ್ನೂ ಜೋರಾಗಿ ಹೇಳು ಅಂದರಂತೆ ಮಾರ್ಲಿ. ರಕೀಮ್ ಸೋಫಾದಲ್ಲಿ ಕೂತು ತಣ್ಣಗಿನ ದನಿಯಲ್ಲೇ ಮುಗಿಸಿದರು. ಬಹಳ ಜನ ಕೂಗಿ ಹಾಡುತ್ತಿದ್ದ ಕಾಲ ಅದು! ರಕೀಮ್ ಅವರ 'ಮೈಕ್ರೋಫೋನ್ ಫೀಂಡ್' ಹಾಡನ್ನು ಒಮ್ಮೆ ಹೆಡ್‌ಫೋನ್ ಹಾಕಿಕೊಂಡು ಕೇಳಿ. ಎಷ್ಟು ಮಾತು, ಆದರೂ ಎಲ್ಲೂ ಅವಸರ ಇಲ್ಲ. ಉಸಿರು ಎಲ್ಲಿ ತಗೊಂಡ್ರು ಅಂತ ನಾನಿನ್ನೂ ಹುಡುಕುತ್ತಿದ್ದೇನೆ.